ಸೋಸುಬಟ್ಟೆಯಿಂದ ಶೋಧಕಯಂತ್ರದವರೆಗೆ: ಕನ್ನಡ ಮನೆಗಳ ಕುಡಿಯುವ ನೀರಿನ ಚರಿತ್ರೆ

1. ಪೀಠಿಕೆ

ಕರ್ನಾಟಕದ ಜಾನಪದ ಅಧ್ಯಯನದಲ್ಲಿ ನೀರಿಗೆ ಸಂಬಂಧಿಸಿದ ಚರ್ಚೆಯು ಬಹುಮಟ್ಟಿಗೆ ನೀರು ಊರಿಗೆ ಬಂದ ಬಗೆಯನ್ನು ಕುರಿತದ್ದಾಗಿದೆ. ಕೆರೆಯಲ್ಲಿ ನೀರು ಕಾಣಿಸಿಕೊಳ್ಳದಿದ್ದಾಗ ಸೊಸೆ ಭಾಗೀರಥಿಯನ್ನು ಬಲಿಗೊಟ್ಟ ‘ಕೆರೆಗೆ ಹಾರ’ದ ಕಥನಗೀತೆ, ಕೆರೆಕಟ್ಟೆಗಳ ಶಾಸನಗಳು, ಗಂಗೆಪೂಜೆಯ ವಿಧಿಗಳು, ಮಳೆಗಾಗಿ ನಡೆಯುವ ಆಚರಣೆಗಳು ವಿದ್ವಾಂಸರ ಗಮನವನ್ನು ಸಾಕಷ್ಟು ಸೆಳೆದಿವೆ. ಆದರೆ ಬಾವಿಯಿಂದಲೋ ಹೊಳೆಯಿಂದಲೋ ತಂದ ನೀರು ಮನೆಯ ಹೊಸ್ತಿಲು ದಾಟಿದ ಮೇಲೆ ಕುಡಿಯಲು ಯೋಗ್ಯವಾಗುತ್ತಿದ್ದುದು ಹೇಗೆ ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಇದಕ್ಕೆ ಕಾರಣ ಸ್ಪಷ್ಟ. ನೀರನ್ನು ಸೋಸುವುದು ಅಡುಗೆಮನೆಯ ಮೂಲೆಯಲ್ಲಿ ದಿನವೂ ನಡೆಯುವ ಕೆಲಸ. ಅದಕ್ಕೆ ಶಾಸನವಿಲ್ಲ, ಜಾತ್ರೆಯಿಲ್ಲ. ಅದನ್ನು ಮಾಡಿದ ಹೆಣ್ಣುಮಕ್ಕಳ ಹೆಸರೂ ಎಲ್ಲಿಯೂ ದಾಖಲಾಗಿಲ್ಲ.

ಮನೆಯ ನೀರಿಗೆ ಯಾವ ಶೋಧಕವನ್ನು ಆರಿಸಬೇಕು ಎಂಬುದು ಇಂದು ಅಂಗಡಿಯಲ್ಲಿ ತೀರ್ಮಾನವಾಗುವ ಸಂಗತಿಯೆಂದು ತೋರುತ್ತದೆ. ವಾಸ್ತವವಾಗಿ ಇದು ಬಹು ಹಳೆಯ ಪ್ರಶ್ನೆ. ಬಟ್ಟೆ, ಬೀಜ, ತಾಮ್ರ, ಮರಳು, ಬೆಂಕಿ, ಪಿಂಗಾಣಿ, ಅತಿನೇರಳೆ ಕಿರಣ, ಸೂಕ್ಷ್ಮಪೊರೆ ಇವೆಲ್ಲವೂ ಬೇರೆ ಬೇರೆ ಕಾಲಗಳಲ್ಲಿ ಇದೇ ಪ್ರಶ್ನೆಗೆ ದೊರೆತ ಉತ್ತರಗಳು. ಪ್ರತಿಯೊಂದು ಸಾಧನವೂ ನೀರಿನ ಒಂದು ನಿರ್ದಿಷ್ಟ ದೋಷವನ್ನು ಮಾತ್ರ ನಿವಾರಿಸಬಲ್ಲುದು. ದೋಷವು ಬದಲಾದಾಗ ಹಿಂದಿನ ಸಾಧನವು ಎಷ್ಟೇ ಶ್ರೇಷ್ಠವಾಗಿದ್ದರೂ ಕೆಲಸಕ್ಕೆ ಬಾರದು. ಈ ಸರಳ ಸತ್ಯವನ್ನು ಮರೆತಾಗಲೆಲ್ಲ ಮನೆಯವರು ಬೆಲೆ ತೆರಬೇಕಾಯಿತು. ಆ ಬೆಲೆ ಕೆಲವೊಮ್ಮೆ ಹಣದ್ದು, ಕೆಲವೊಮ್ಮೆ ಮಕ್ಕಳ ಎಲುಬಿನದು. ಈ ಹಿನ್ನೆಲೆಯಲ್ಲಿ ಕನ್ನಡ ಮನೆಗಳ ಜಲಶೋಧನೆಯ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2. ನೀರನ್ನು ತಿಳಿಯುವ ಬಗೆ

ಶೋಧನೆಗೆ ಮೊದಲು ಪರೀಕ್ಷೆ. ಕನ್ನಡದ ಆಡುಮಾತಿನಲ್ಲಿ ನೀರಿನ ಗುಣವನ್ನು ಸೂಚಿಸುವ ಪದಗಳ ಸಮೃದ್ಧಿಯೇ ಈ ಪರೀಕ್ಷೆ ಎಷ್ಟು ಸೂಕ್ಷ್ಮವಾಗಿತ್ತೆಂಬುದಕ್ಕೆ ಸಾಕ್ಷಿ. ಸಿಹಿನೀರು, ಸಪ್ಪೆನೀರು, ಉಪ್ಪುನೀರು, ಸವಳುನೀರು, ಗಡಸುನೀರು ಎಂಬಿವು ರುಚಿ ಮತ್ತು ಲವಣಾಂಶವನ್ನು ಸೂಚಿಸಿದರೆ, ಬಗ್ಗಡ, ರಾಡಿ, ಕದಡು ಎಂಬಿವು ಮಣ್ಣಿನ ಅಂಶವನ್ನು ಸೂಚಿಸುತ್ತವೆ. ಒಂದೇ ಊರಿನಲ್ಲಿ ಸಿಹಿನೀರ ಬಾವಿ, ಉಪ್ಪುನೀರ ಬಾವಿ ಎಂದು ಎರಡನ್ನೂ ಗುರುತಿಸಿ, ಮೊದಲನೆಯದನ್ನು ಕುಡಿಯಲಿಕ್ಕೂ ಅಡುಗೆಗೂ, ಎರಡನೆಯದನ್ನು ಬಟ್ಟೆಬರೆ, ದನಕರುಗಳಿಗೂ ಬಳಸುವ ಕ್ರಮವು ಬಯಲುಸೀಮೆಯಲ್ಲಿ ಸಾಮಾನ್ಯವಾಗಿತ್ತು. ಒಳ್ಳೆಯ ಮೂಲವನ್ನು ಆರಿಸಿಕೊಳ್ಳುವುದೇ ಶೋಧನೆಯ ಮೊದಲ ಹೆಜ್ಜೆ ಎಂಬ ತತ್ತ್ವವು ಇದರಲ್ಲಿ ಅಡಗಿದೆ.

ನಾಲಗೆಗೆ ನಿಲುಕದ ಗುಣಗಳನ್ನು ಅಡುಗೆಯೇ ತಿಳಿಸುತ್ತಿತ್ತು. ತೊಗರಿಬೇಳೆ ಬೇಯದ ನೀರು ಗಡಸುನೀರು. ನೀರಿನಲ್ಲಿರುವ ಸುಣ್ಣದ ಅಂಶವು ಬೇಳೆಯ ಜೀವಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಎಂಬ ದ್ರವ್ಯದೊಡನೆ ಕೂಡಿಕೊಂಡು ಅದು ಕರಗದಂತೆ ಮಾಡುವುದೇ ಇದಕ್ಕೆ ಕಾರಣವೆಂದು ರಸಾಯನಶಾಸ್ತ್ರವು ಈಗ ವಿವರಿಸುತ್ತದೆ. ಸಾಬೂನು ನೊರೆ ಕಟ್ಟದಿರುವುದು, ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಪದರ ಕೂಡುವುದು ಇದೇ ದೋಷದ ಇತರ ಲಕ್ಷಣಗಳು. ನೀರನ್ನು ತುಂಬಿಟ್ಟ ಮೇಲೆ ತಳದಲ್ಲಿ ಕೆಂಪು ಗಸಿ ನಿಂತರೆ, ಬಾಯಿಗೆ ಲೋಹದ ಒಗರು ತಟ್ಟಿದರೆ ಅದು ಕಬ್ಬಿಣದ ಅಂಶ.

ಕನ್ನಡದಲ್ಲಿ ‘ತಿಳಿ’ ಎಂಬ ಪದಕ್ಕೆ ನಿರ್ಮಲವಾಗು ಎಂಬ ಅರ್ಥವೂ ಅರಿತುಕೊಳ್ಳು ಎಂಬ ಅರ್ಥವೂ ಇವೆ. ತಿಳಿನೀರು, ತಿಳಿಸಾರು ಎಂಬ ಪ್ರಯೋಗಗಳಲ್ಲಿ ಕಾಣುವುದು ಮೊದಲನೆಯ ಅರ್ಥ. ತಿಳಿವಳಿಕೆ ಎಂಬಲ್ಲಿ ಎರಡನೆಯದು. ತಳ ಕಾಣುವಷ್ಟು ತಿಳಿಯಾದ ನೀರು ಒಳ್ಳೆಯ ನೀರು ಎಂಬ ನಂಬಿಕೆಯು ಶತಮಾನಗಳ ಕಾಲ ಮನೆಗಳನ್ನು ನಡೆಸಿತು. ಈ ನಂಬಿಕೆಯ ಬಲವನ್ನೂ ಮಿತಿಯನ್ನೂ ಮುಂದಿನ ಚರಿತ್ರೆಯು ತೋರಿಸಿಕೊಡುತ್ತದೆ.

3. ಬಟ್ಟೆ ಮತ್ತು ಮರಳು

ಮನೆಯ ಅತ್ಯಂತ ಪ್ರಾಚೀನ ಶೋಧಕವೆಂದರೆ ಬಟ್ಟೆ. ನೀರನ್ನು ವಸ್ತ್ರದಿಂದ ಶೋಧಿಸಿ ಕುಡಿಯಬೇಕೆಂಬ ವಿಧಿಯು ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ಸಂನ್ಯಾಸಿಯ ಆಚಾರಗಳ ನಡುವೆ ಬರುತ್ತದೆ. ಕರ್ನಾಟಕದ ಮಟ್ಟಿಗೆ ಈ ಪದ್ಧತಿಯನ್ನು ಮನೆಮನೆಯ ಶಿಸ್ತಾಗಿ ರೂಢಿಸಿದ ಕೀರ್ತಿ ಜೈನ ಸಮುದಾಯಕ್ಕೆ ಸಲ್ಲಬೇಕು. ಎರಡು ಮಡಿಕೆಯ ದಟ್ಟ ಬಟ್ಟೆಯಲ್ಲಿ ಸೋಸದ ನೀರನ್ನು ಶ್ರಾವಕರು ಬಳಸಕೂಡದು. ಸೋಸಿದ ನೀರಾದರೂ ಒಂದು ಮುಹೂರ್ತ, ಅಂದರೆ 48 ನಿಮಿಷ ಕಳೆದ ಮೇಲೆ ಮತ್ತೆ ಸೋಸತಕ್ಕದ್ದು. ಕುದಿಸಿದ ನೀರಿಗೆ ಇಪ್ಪತ್ತನಾಲ್ಕು ಗಂಟೆಗಳ ಅವಧಿ. ಸೋಸಿದ ಬಳಿಕ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೀರು ತಂದ ಮೂಲಕ್ಕೇ ಮರಳಿ ಬಿಡಬೇಕು. ಇಲ್ಲಿ ರಕ್ಷಣೆ ಪಡೆಯುವವನು ಕುಡಿಯುವ ಮನುಷ್ಯನಲ್ಲ, ನೀರಿನಲ್ಲಿರುವ ಜೀವಿ. ಅಹಿಂಸೆಯ ಉದ್ದೇಶದಿಂದ ಹುಟ್ಟಿದ ಆಚಾರವೊಂದು ಆರೋಗ್ಯದ ಫಲವನ್ನೂ ನೀಡಿತೆಂಬುದು ಗಮನಾರ್ಹ. ನೀರಿಗೆ ಅವಧಿಯಿದೆ, ಸೋಸಿಟ್ಟ ಮಾತ್ರಕ್ಕೆ ಅದು ಸದಾ ಶುದ್ಧವಾಗಿರುವುದಿಲ್ಲ ಎಂಬ ಅರಿವು ಈ ವಿಧಿಯ ವಿಶೇಷ.

ಇತರ ಸಮುದಾಯಗಳ ಮನೆಗಳಲ್ಲಿ ಹಳೆಯ ಪಂಚೆ ಅಥವಾ ಸೀರೆಯ ತುಂಡನ್ನು ಕೊಡದ ಬಾಯಿಗೆ ಕಟ್ಟಿ ನೀರು ಹೊಯ್ಯುವ ರೂಢಿಯಿತ್ತು. ಒಗೆದು ಒಗೆದು ಸವೆದ ಹತ್ತಿಬಟ್ಟೆಯ ಎಳೆಗಳು ಬಿಚ್ಚಿಕೊಂಡು ರಂಧ್ರಗಳು ಕಿರಿದಾಗುವುದರಿಂದ ಹೊಸ ಬಟ್ಟೆಗಿಂತ ಹಳೆಯದೇ ಮೇಲು. ಈ ಮನೆಮಾತಿಗೆ ವಿಜ್ಞಾನದ ಬೆಂಬಲ ದೊರೆತದ್ದು ಬಾಂಗ್ಲಾದೇಶದಲ್ಲಿ. ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಅಲ್ಲಿನ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಳೆಯ ಸೀರೆಯನ್ನು ಹಲವು ಪದರವಾಗಿ ಮಡಿಚಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಪ್ರಮಾಣವು ಶೇ. 48ರಷ್ಟು ತಗ್ಗಿತು. ಕಾಲರಾದ ರೋಗಾಣು ಬಟ್ಟೆಯ ರಂಧ್ರಕ್ಕಿಂತ ಬಹಳ ಚಿಕ್ಕದಾದರೂ ಅದು ನೀರಿನ ಸಣ್ಣ ಪ್ಲವಕಜೀವಿಗಳಿಗೆ ಅಂಟಿಕೊಂಡಿರುವುದರಿಂದ ಆ ಜೀವಿಗಳೊಡನೆ ಬಟ್ಟೆಯಲ್ಲಿಯೇ ಉಳಿಯುತ್ತದೆ. ಆದರೆ ಉಳಿದ ಅರ್ಧದಷ್ಟು ರೋಗವನ್ನು ಬಟ್ಟೆಯು ತಡೆಯಲಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಬೇಸಗೆಯಲ್ಲಿ ಹೊಳೆ ಬತ್ತಿದಾಗ ಮರಳಿನಲ್ಲಿ ಗುಂಡಿ ತೋಡಿ ಒರತೆಯ ನೀರನ್ನು ಚಿಪ್ಪಿನಿಂದಲೋ ತಂಬಿಗೆಯಿಂದಲೋ ತುಂಬಿಕೊಳ್ಳುವ ಪದ್ಧತಿಯು ಇನ್ನೊಂದು ಬಗೆಯ ಶೋಧನೆ. ಮೊದಲು ಬಂದ ಕದಡು ನೀರನ್ನು ಹೊರಚೆಲ್ಲಿ, ತಿಳಿಯಾದ ಮೇಲೆ ತುಂಬಿಕೊಳ್ಳುವುದು ಕ್ರಮ. ಮರಳಿನ ಪದರದ ಮೂಲಕ ನೀರನ್ನು ನಿಧಾನವಾಗಿ ಇಳಿಸುವ ಇದೇ ತತ್ತ್ವವನ್ನು ಲಂಡನ್ ನಗರದ ಚೆಲ್ಸಿ ಜಲಸಂಸ್ಥೆಯು 1829ರಲ್ಲಿ ಜೇಮ್ಸ್ ಸಿಂಪ್ಸನ್ ಅವರ ವಿನ್ಯಾಸದಂತೆ ನಗರದ ಪೂರೈಕೆಗೆ ಅಳವಡಿಸಿತು. ಹೊಳೆಯ ಪಾತ್ರದಲ್ಲಿ ಮಂಡಿಯೂರಿ ಕುಳಿತು ಒರತೆ ತೋಡಿದ ಹೆಣ್ಣುಮಕ್ಕಳಿಗೆ ಅದು ಮೊದಲೇ ರೂಢಿಯ ತಿಳಿವಳಿಕೆಯಾಗಿತ್ತು.

4. ಬೀಜ, ಬೇರು, ತಾಮ್ರ

ಮಣ್ಣುಗೂಡಿದ ನೀರನ್ನು ಬಟ್ಟೆಯು ಪೂರ್ತಿ ತಿಳಿಗೊಳಿಸಲಾರದು. ಮಳೆಗಾಲದ ಕೆಂಪುನೀರಿನಲ್ಲಿರುವ ಜೇಡಿಯ ಕಣಗಳು ಎಳೆಗಳ ನಡುವೆ ನುಸುಳುತ್ತವೆ. ಇದಕ್ಕೆ ಚಿಲ್ಲದ ಬೀಜ ಬಳಕೆಯಲ್ಲಿತ್ತು. ಸಂಸ್ಕೃತದಲ್ಲಿ ಇದು ಕತಕ. ಗಡಿಗೆಯ ಒಳಮೈಗೆ ಈ ಬೀಜವನ್ನು ತೇಯ್ದು ನೀರು ತುಂಬಿಟ್ಟರೆ ಕೆಲಹೊತ್ತಿನಲ್ಲಿ ಮಣ್ಣೆಲ್ಲ ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದೆ. ಬೀಜದಿಂದ ಹೊರಬರುವ ದ್ರವ್ಯವು ಒಂದನ್ನೊಂದು ದೂರ ತಳ್ಳುವ ಸೂಕ್ಷ್ಮ ಕಣಗಳನ್ನು ಒಟ್ಟುಗೂಡಿಸಿ ಭಾರವಾಗಿಸುವುದೇ ಇದರ ಮರ್ಮ. ನಗರಗಳ ಜಲಶುದ್ಧೀಕರಣ ಕೇಂದ್ರಗಳಲ್ಲಿ ಪಟಿಕವು ಮಾಡುವುದೂ ಇದನ್ನೇ. ನುಗ್ಗೆಯ ಬೀಜಕ್ಕೂ ಇದೇ ಗುಣವಿದೆ.

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕಲುಷಿತ ಜಲವನ್ನು ತಿಳಿಗೊಳಿಸುವ ಏಳು ದ್ರವ್ಯಗಳ ಪಟ್ಟಿಯಿದ್ದು, ಕತಕವೂ ವಸ್ತ್ರವೂ ಅದರಲ್ಲಿ ಸೇರಿವೆ. ಬೆಂಕಿಯಲ್ಲಿ ಕಾಯಿಸುವುದು, ಬಿಸಿಲಿಗಿಡುವುದು, ಕಾದ ಕಬ್ಬಿಣವನ್ನು ಅದ್ದುವುದು ಎಂಬ ಉಪಾಯಗಳನ್ನೂ ಅಲ್ಲಿ ಹೇಳಿದೆ. ವರಾಹಮಿಹಿರನ ಬೃಹತ್ಸಂಹಿತೆಯು ಬಾವಿಯ ನೀರಿನ ದುರ್ಗಂಧ, ದುರ್ರುಚಿಗಳನ್ನು ನೀಗಲು ಲಾವಂಚ, ಭದ್ರಮುಷ್ಟಿ, ನೆಲ್ಲಿ, ಕತಕ ಮುಂತಾದವುಗಳ ಚೂರ್ಣವನ್ನು ಸೂಚಿಸುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ವು ಅಂತರ್ಜಲವನ್ನು ಗುರುತಿಸುವ ಶಾಸ್ತ್ರವನ್ನು ಕನ್ನಡಕ್ಕೆ ತಂದಿತು. ಶಾಸ್ತ್ರಗ್ರಂಥಗಳಲ್ಲಿರುವುದಕ್ಕೂ ಮನೆಗಳ ರೂಢಿಗೂ ಇರುವ ಹೋಲಿಕೆಯಿಂದ ಒಂದು ಮತ್ತೊಂದರಿಂದ ಬಂದಿತೆಂದು ಆತುರದಿಂದ ನಿರ್ಣಯಿಸಲಾಗದು. ಕೊಡುಕೊಳೆ ಎರಡು ಕಡೆಗೂ ನಡೆದಿರುವ ಸಾಧ್ಯತೆಯೇ ಹೆಚ್ಚು.

ಕುಡಿಯುವ ನೀರಿಗೆ ತಾಮ್ರದ ಕೊಡವನ್ನು ಬಳಸುವ ಪದ್ಧತಿಯನ್ನು ಬಹುಕಾಲ ಸಂಪ್ರದಾಯವೆಂದಷ್ಟೇ ಪರಿಗಣಿಸಲಾಗಿತ್ತು. ಬೆಂಗಳೂರಿನ ಆಯುರ್ವೇದ ಮತ್ತು ಸಮಗ್ರ ವೈದ್ಯಪದ್ಧತಿ ಸಂಸ್ಥೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಅಭಿಪ್ರಾಯವನ್ನು ಬದಲಿಸಿತು. ತಾಮ್ರದ ಪಾತ್ರೆಯಲ್ಲಿ 16 ಗಂಟೆಗಳ ಕಾಲ ಇರಿಸಿದ ನೀರಿನಲ್ಲಿ ಭೇದಿಯನ್ನುಂಟುಮಾಡುವ ರೋಗಾಣುಗಳು ಉಳಿಯಲಿಲ್ಲ. ನೀರಿಗೆ ಇಳಿದ ತಾಮ್ರದ ಪ್ರಮಾಣವೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೇ ಇತ್ತು. ರಾತ್ರಿ ತುಂಬಿಟ್ಟ ನೀರನ್ನು ಬೆಳಿಗ್ಗೆ ಕುಡಿಯುವ ರೂಢಿಯಲ್ಲಿ ಕಾಲದ ಅಂಶವೇ ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ. ತುಂಬಿಸಿ ತಕ್ಷಣ ಕುಡಿದ ನೀರಿಗೆ ಈ ಗುಣ ಬಾರದು. ಹುಣಸೆಹಣ್ಣಿನಿಂದ ತಿಕ್ಕಿ ಹಸಿರು ಕಿಲುಬನ್ನು ತೆಗೆಯುವುದು ಹೊಳಪಿಗಾಗಿ ಮಾತ್ರವಲ್ಲ, ಲೋಹದ ಮೈ ನೀರಿಗೆ ತಾಗುವಂತೆ ಮಾಡುವುದಕ್ಕಾಗಿಯೂ ಅಗತ್ಯ.

5. ಮಡಿ ಮತ್ತು ಶುದ್ಧಿ

ಪರಂಪರೆಯ ತಿಳಿವಳಿಕೆಯನ್ನು ಹೊಗಳುವಷ್ಟರಲ್ಲಿಯೇ ಈ ಚರಿತ್ರೆಯನ್ನು ನಿಲ್ಲಿಸುವುದು ಪ್ರಾಮಾಣಿಕವಾಗಲಾರದು. ‘ಶುದ್ಧ’ ಎಂಬ ಪದಕ್ಕೆ ಕನ್ನಡ ಮನೆಗಳಲ್ಲಿ ಎರಡು ಅರ್ಥಗಳಿದ್ದವು. ಒಂದು, ಕಸಕಲ್ಮಷಗಳಿಲ್ಲದ ಸ್ಥಿತಿ. ಇನ್ನೊಂದು, ‘ಬೇರೆಯವರು’ ಮುಟ್ಟದ ಸ್ಥಿತಿ. ಮಡಿಯಲ್ಲಿ ಸೇದಿ ತಂದ ನೀರು ಎರಡನೆಯ ಅರ್ಥದಲ್ಲಿ ಶುದ್ಧ. ಆದರೆ ರೋಗಾಣುವಿಗೆ ಮಡಿಮೈಲಿಗೆಗಳ ಭೇದವಿಲ್ಲ. ಅದೇ ಬಾವಿಯ ಪಕ್ಕದಲ್ಲಿ ಬಚ್ಚಲ ನೀರು ಇಂಗುತ್ತಿದ್ದರೂ ಆ ನೀರನ್ನು ಮೈಲಿಗೆಯೆಂದು ಯಾರೂ ತ್ಯಜಿಸುತ್ತಿರಲಿಲ್ಲ.

ಸಾರ್ವಜನಿಕ ಜಲಮೂಲಗಳನ್ನು ಎಲ್ಲರೂ ಬಳಸಬಹುದೆಂಬ ನಿರ್ಣಯವನ್ನು ಮುಂಬಯಿ ಶಾಸನ ಪರಿಷತ್ತು 1923ರಲ್ಲಿ ಅಂಗೀಕರಿಸಿತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಅದೇ ಪ್ರಾಂತಕ್ಕೆ ಸೇರಿದ್ದುದರಿಂದ ಈ ನಿರ್ಣಯವು ಕನ್ನಡನಾಡಿನ ಚರಿತ್ರೆಗೂ ಸಂಬಂಧಿಸಿದ್ದು. ಆದರೆ ಅದು ಕಾಗದದ ಮೇಲೆಯೇ ಉಳಿಯಿತು. 1927ರ ಮಾರ್ಚ್ 20ರಂದು ಡಾ. ಬಿ.ಆರ್. ಅಂಬೇಡ್ಕರ್ ಅವರು ಸಾವಿರಾರು ಜನರೊಡನೆ ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟಿ ಕುಡಿದರು. ಆ ಬಳಿಕ ಸವರ್ಣೀಯರು ಪಂಚಗವ್ಯವನ್ನು ಸುರಿದು ಕೆರೆಯನ್ನು ‘ಶುದ್ಧೀಕರಿಸಿದರು’. ಬಾಯಾರಿದ ಮನುಷ್ಯನ ಕೈಯನ್ನು ಕಲ್ಮಷವೆಂದು ಬಗೆದು, ಸಗಣಿ ಗಂಜಲಗಳನ್ನು ಶೋಧಕವೆಂದು ಬಗೆದ ಈ ಘಟನೆಯು ಭಾರತದ ಜಲಶುದ್ಧಿಯ ಚರಿತ್ರೆಯಲ್ಲಿ ಮರೆಯಬಾರದ ಅಧ್ಯಾಯ. ಒಳ್ಳೆಯ ಮೂಲವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲ ಮನೆಗಳಿಗೂ ಇರಲಿಲ್ಲ. ಸಿಹಿನೀರ ಬಾವಿಯಿಂದ ದೂರವಿರಿಸಲ್ಪಟ್ಟವರಿಗೆ ಬಟ್ಟೆಯೂ ಬೀಜವೂ ಆಯ್ಕೆಗಳಾಗಿರದೆ ಅನಿವಾರ್ಯಗಳಾಗಿದ್ದವು.

6. ನಾರುಹುಣ್ಣು: ಬಟ್ಟೆಯ ಗೆಲುವು

ಬಟ್ಟೆಯ ಸಾಮರ್ಥ್ಯವನ್ನು ನಿಸ್ಸಂದೇಹವಾಗಿ ಸ್ಥಾಪಿಸಿದ್ದು ನಾರುಹುಣ್ಣಿನ ನಿರ್ಮೂಲನ. ಮೆಟ್ಟಿಲುಬಾವಿಗಳ ನೀರನ್ನು ಕುಡಿಯುತ್ತಿದ್ದ ಕರ್ನಾಟಕದ ಒಣಪ್ರದೇಶಗಳಲ್ಲಿ ಈ ರೋಗ ವ್ಯಾಪಕವಾಗಿತ್ತು. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಕಿರುಜೀವಿಯ ಒಡಲಲ್ಲಿ ಹುಳುವಿನ ಮರಿಯಿರುತ್ತದೆ. ಆ ನೀರನ್ನು ಕುಡಿದ ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಬೊಕ್ಕೆಯೆದ್ದು, ಮೊಳಕ್ಕೂ ಉದ್ದವಾದ ದಾರದಂಥ ಹುಳು ಹೊರಬರುತ್ತದೆ. ಉರಿ ತಾಳಲಾರದೆ ರೋಗಿಯು ಬಾವಿಯ ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಟ್ಟರೆ ಹುಳುವು ಮತ್ತೆ ಮರಿಗಳನ್ನು ನೀರಿಗೆ ಬಿಡುತ್ತದೆ. ಹೀಗೆ ಬಾವಿಯಿಂದ ಮೈಗೆ, ಮೈಯಿಂದ ಬಾವಿಗೆ ರೋಗದ ಚಕ್ರ ಸುತ್ತುತ್ತಿತ್ತು. ಹೊರಬಂದ ಹುಳುವನ್ನು ಸಣ್ಣ ಕಡ್ಡಿಗೆ ಸುತ್ತಿ ದಿನವೂ ಸ್ವಲ್ಪಸ್ವಲ್ಪವೇ ಎಳೆಯುವುದೊಂದೇ ಉಪಾಯ.

ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವು 1983-84ರಲ್ಲಿ ಆರಂಭವಾದಾಗ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಈ ರೋಗಕ್ಕೆ ಲಸಿಕೆಯಾಗಲಿ ಗುಣಪಡಿಸುವ ಔಷಧಿಯಾಗಲಿ ಇರಲಿಲ್ಲ. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸುವುದು, ಕೈಪಂಪುಗಳನ್ನು ಹಾಕುವುದು, ನೀರಿಗೆ ಔಷಧಿ ಬೆರೆಸುವುದು ಮತ್ತು ಮನೆಮನೆಯಲ್ಲಿ ದಟ್ಟ ಬಟ್ಟೆಯಿಂದ ನೀರು ಸೋಸುವಂತೆ ಮಾಡುವುದು ಇವೇ ಸಾಧನಗಳು. ದೇಶದ ಕೊನೆಯ ಪ್ರಕರಣವು 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ದಾಖಲಾಯಿತು. 2000ದ ಫೆಬ್ರವರಿಯಲ್ಲಿ ಭಾರತವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಬಟ್ಟೆ ಇಲ್ಲಿ ಗೆದ್ದುದಕ್ಕೆ ಕಾರಣ ಅದು ದೋಷಕ್ಕೆ ತಕ್ಕ ಸಾಧನವಾಗಿದ್ದುದು. ಸೈಕ್ಲಾಪ್ಸ್ ಕಣ್ಣಿಗೆ ಕಾಣುವಷ್ಟು ದೊಡ್ಡದು. ಬಟ್ಟೆಯ ರಂಧ್ರ ಅದಕ್ಕಿಂತ ಚಿಕ್ಕದು.

7. ನಲ್ಲಿ, ಮಡಕೆ, ಮೇಣದಬತ್ತಿ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನೀರಿನ ಕಲ್ಪನೆಯೇ ಬದಲಾಯಿತು. ಜರ್ಮನಿಯ ರಾಬರ್ಟ್ ಕಾಖ್ 1884ರಲ್ಲಿ ಕಲ್ಕತ್ತೆಯ ಕೆರೆಯೊಂದರ ನೀರಿನಲ್ಲಿ ಕಾಲರಾದ ರೋಗಾಣುವನ್ನು ಗುರುತಿಸಿದ ಮೇಲೆ ತಿಳಿನೀರೂ ಕೊಲ್ಲಬಲ್ಲುದೆಂಬುದು ಸಿದ್ಧವಾಯಿತು. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಕೊಳವೆಯ ಮೂಲಕ ನೀರು ಬಂದಿತು. ಶೋಧನೆಯ ಹೊಣೆ ಮೊಟ್ಟಮೊದಲ ಬಾರಿಗೆ ಮನೆಯಿಂದ ಸರ್ಕಾರಕ್ಕೆ ವರ್ಗವಾಯಿತು. ಆದರೂ ನಲ್ಲಿಯ ಬಾಯಿಗೆ ಬಿಳಿಬಟ್ಟೆಯ ಚೀಲವೊಂದನ್ನು ಕಟ್ಟುವುದನ್ನು ಗೃಹಿಣಿಯರು ಬಿಡಲಿಲ್ಲ. ಹಳೆಯ ಸಾಧನವು ಹೊಸ ವ್ಯವಸ್ಥೆಯ ಕೊನೆಯ ತುದಿಯಲ್ಲಿ ಕಾವಲು ನಿಂತಿತು.

ನಲ್ಲಿ ತಲುಪದ ಊರುಗಳಿಗಾಗಿ ಆರೋಗ್ಯಬೋಧಕರು ಒಂದರ ಮೇಲೊಂದು ಮಡಕೆಗಳನ್ನಿಟ್ಟು ಇದ್ದಿಲು, ಮರಳು, ಜಲ್ಲಿಗಳ ಮೂಲಕ ನೀರನ್ನು ತೊಟ್ಟಿಕ್ಕಿಸುವ ಶೋಧಕವನ್ನು ಪ್ರಚಾರ ಮಾಡಿದರು. ಎಲ್ಲವೂ ಹಳ್ಳಿಯಲ್ಲಿಯೇ ದೊರೆಯುವ ವಸ್ತುಗಳು. ಆದರೆ ಮರಳನ್ನು ತೊಳೆಯದೆ, ಇದ್ದಿಲನ್ನು ಬದಲಿಸದೆ ಬಿಟ್ಟರೆ ಅವೇ ರೋಗಾಣುಗಳ ನೆಲೆಯಾಗುತ್ತವೆ. ಇದೇ ಕಾಲದಲ್ಲಿ ಫ್ರಾನ್ಸಿನ ಚಾರ್ಲ್ಸ್ ಶಾಂಬರ್ಲಾಂ 1884ರಲ್ಲಿ ಮೆರುಗಿಲ್ಲದ ಪಿಂಗಾಣಿಯ ಶೋಧಕವನ್ನೂ, ಜರ್ಮನಿಯ ವಿಲ್ಹೆಲ್ಮ್ ಬರ್ಕೆಫೆಲ್ಡ್ 1891ರಲ್ಲಿ ಡಯಾಟಮ್ ಮಣ್ಣಿನ ಶೋಧಕವನ್ನೂ ರೂಪಿಸಿದರು. ಅವುಗಳ ವಂಶಕ್ಕೆ ಸೇರಿದ್ದೇ ಎರಡು ಅಂತಸ್ತಿನ ಉಕ್ಕಿನ ಫಿಲ್ಟರು. ಮೇಣದಬತ್ತಿಯ ಆಕಾರದ ಬಿಳಿಯ ಕ್ಯಾಂಡಲ್‌ಗಳ ಮೂಲಕ ನೀರು ಹನಿಹನಿಯಾಗಿ ಕೆಳಗಿಳಿಯುವ ಈ ಪಾತ್ರೆಯು ಮಧ್ಯಮವರ್ಗದ ಅಡುಗೆಮನೆಯ ಗುರುತಾಯಿತು. ಕ್ಯಾಂಡಲ್‌ನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ಕುದಿಯುವ ನೀರಿನಲ್ಲಿ ಇರಿಸುವ ಕೆಲಸವು ಸೋಸುಬಟ್ಟೆ ಒಗೆಯುವ ಕೆಲಸದ ಸ್ಥಾನವನ್ನು ಪಡೆಯಿತು. ಸಾಧನ ಬದಲಾದರೂ ಕೈಗಳು ಬದಲಾಗಲಿಲ್ಲ. ಕ್ಯಾಂಡಲ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಶೋಧನೆ ವ್ಯರ್ಥ. ಆ ಬಿರುಕು ನೀರಿನ ಬಣ್ಣದಲ್ಲಿ ಕಾಣುವುದಿಲ್ಲ.

8. ತಿಳಿನೀರಿನ ವಂಚನೆ

ನಾರುಹುಣ್ಣು ಮತ್ತು ಕಾಲರಾಗಳಿಂದ ಹಳ್ಳಿಗಳನ್ನು ಕಾಪಾಡಲು 1970ರ ದಶಕದಿಂದ ಕೊಳವೆಬಾವಿಗಳು ವ್ಯಾಪಕವಾಗಿ ಬಂದವು. ಕೈಪಂಪಿನ ನೀರಿನಲ್ಲಿ ಹುಳುವಿಲ್ಲ, ಬಗ್ಗಡವಿಲ್ಲ. ಕಣ್ಣಿಗೂ ನಾಲಗೆಗೂ ಅದು ಉತ್ತಮ ನೀರು. ಆದರೆ ಆಳದ ಕಗ್ಗಲ್ಲಿನ ಸಂದುಗಳಲ್ಲಿ ದೀರ್ಘಕಾಲ ನಿಂತ ನೀರು ಅಲ್ಲಿನ ಖನಿಜಗಳಿಂದ ಫ್ಲೋರೈಡನ್ನು ಹೀರಿಕೊಂಡಿರುತ್ತದೆ. ಭಾರತದಲ್ಲಿ ಫ್ಲೋರೋಸಿಸ್ ರೋಗವು ಮೊದಲು ವರದಿಯಾದದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಚಿತ್ರದುರ್ಗ, ಕೊಪ್ಪಳ, ರಾಯಚೂರು, ಗದಗ ಜಿಲ್ಲೆಯ ಮುಂಡರಗಿ ಮುಂತಾದ ಕಡೆಗಳಲ್ಲಿ ಈ ದೋಷ ಕಂಡುಬಂದಿದೆ. ಮೊದಲು ಮಕ್ಕಳ ಹಲ್ಲು ಕಂದುಗಟ್ಟುತ್ತದೆ; ವರ್ಷಗಳ ಮೇಲೆ ಬೆನ್ನು ಸೆಟೆಯುತ್ತದೆ, ಕಾಲು ಬಾಗುತ್ತದೆ. ಎಲುಬಿಗೆ ಇಳಿದ ಈ ಹಾನಿಯನ್ನು ಹಿಂದಿರುಗಿಸುವ ಚಿಕಿತ್ಸೆಯಿಲ್ಲ.

ಇಲ್ಲಿ ಪರಂಪರೆಯ ಎಲ್ಲ ಸಾಧನಗಳೂ ಸೋತವು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ. ಬಟ್ಟೆ ಅದನ್ನು ಹಿಡಿಯದು. ತಾಮ್ರ ಅದನ್ನು ಮುಟ್ಟದು. ಕ್ಯಾಂಡಲ್ ಅದನ್ನು ತಡೆಯದು. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಸಾಂದ್ರತೆ ಹೆಚ್ಚುತ್ತದೆ. ಮಕ್ಕಳಿಗೆ ಕಾಯಿಸಿದ ನೀರನ್ನೇ ಕೊಡಬೇಕೆಂಬ ತಾಯಂದಿರ ಎಚ್ಚರವು ರೋಗಾಣುವಿನ ವಿರುದ್ಧ ಸರಿಯಾದದ್ದು. ಫ್ಲೋರೈಡಿನ ಊರಿನಲ್ಲಿ ಅದಷ್ಟರಿಂದಲೇ ರಕ್ಷಣೆ ದೊರೆಯದು. ನೋಡಿ ತಿಳಿಯಬಹುದಾದ ನೀರಿನ ಯುಗ ಇಲ್ಲಿಗೆ ಮುಗಿಯಿತು.

ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನ ಸಂಸ್ಥೆಯು 1970ರ ದಶಕದಲ್ಲಿ ರೂಪಿಸಿದ ನಲಗೊಂಡ ವಿಧಾನವು ಈ ದೋಷಕ್ಕೆ ಮನೆಯಲ್ಲಿಯೇ ಅನುಸರಿಸಬಹುದಾದ ಉತ್ತರ. ಬಕೆಟ್ಟಿನ ನೀರಿಗೆ ಲೆಕ್ಕದ ಪ್ರಮಾಣದಲ್ಲಿ ಸುಣ್ಣ, ಪಟಿಕ, ಬ್ಲೀಚಿಂಗ್ ಪುಡಿಗಳನ್ನು ಬೆರೆಸಿ ಕಲಕಿ, ಸುಮಾರು ಒಂದು ಗಂಟೆ ಬಿಟ್ಟು ಮೇಲಿನ ತಿಳಿಯನ್ನು ಬಸಿದುಕೊಳ್ಳುವುದು ಕ್ರಮ. ಚಿಲ್ಲದ ಬೀಜದ ತತ್ತ್ವಕ್ಕೆ ಇದು ಹತ್ತಿರದ್ದು. ಆದರೆ ಪಟಿಕದ ಪ್ರಮಾಣವು ಆಯಾ ಬಾವಿಯ ಫ್ಲೋರೈಡನ್ನೂ ಕ್ಷಾರತೆಯನ್ನೂ ಅವಲಂಬಿಸಿರುವುದರಿಂದ ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಇದನ್ನು ಬಳಸುವಂತಿಲ್ಲ. ಫ್ಲೋರೈಡನ್ನು ಹೀರಿಕೊಳ್ಳುವ ಸಕ್ರಿಯ ಅಲ್ಯುಮಿನಾ ಶೋಧಕಗಳಿಗೂ ಕಾಲಕಾಲಕ್ಕೆ ಪುನಶ್ಚೇತನ ಬೇಕು.

9. ಯಂತ್ರಗಳ ಕಾಲ

ಅತಿನೇರಳೆ ಕಿರಣದ ಯಂತ್ರಗಳು 1980ರ ದಶಕದಲ್ಲಿ ಅಕ್ವಾಗಾರ್ಡ್ ಮುಂತಾದ ಹೆಸರುಗಳಲ್ಲಿ ನಗರದ ಮನೆಗಳನ್ನು ಪ್ರವೇಶಿಸಿದವು. ರೋಗಾಣುಗಳನ್ನು ಕೊಲ್ಲುವುದರಲ್ಲಿ ಇವು ಸಮರ್ಥ. ಆದರೆ ಕದಡಿದ ನೀರಿನಲ್ಲಿ ಕಿರಣ ಮುಂದೆ ಸಾಗದು, ಕರಗಿದ ಲವಣದ ಮೇಲೆ ಅದಕ್ಕೆ ಯಾವ ಅಧಿಕಾರವೂ ಇಲ್ಲ. 2009ರ ಕೊನೆಯಲ್ಲಿ ಬಂದ ಟಾಟಾ ಸ್ವಚ್ಛ್ ಎಂಬ ಶೋಧಕವು ವಿದ್ಯುತ್ತಿನ ಹಂಗಿಲ್ಲದೆ ಭತ್ತದ ಹೊಟ್ಟಿನ ಬೂದಿಯನ್ನೂ ಬೆಳ್ಳಿಯ ಸೂಕ್ಷ್ಮಕಣಗಳನ್ನೂ ಬಳಸಿತು. ಸೂಕ್ಷ್ಮಪೊರೆಯ ಮೂಲಕ ಒತ್ತಡದಿಂದ ನೀರನ್ನು ಹಿಂಡುವ ವಿಪರ್ಯಯ ಪರಾಸರಣ, ಅಂದರೆ ಆರ್‌ಒ ವಿಧಾನಕ್ಕೆ ಬುನಾದಿ ಹಾಕಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿಡ್ನಿ ಲೋಬ್ ಮತ್ತು ಭಾರತೀಯ ಸಂಜಾತ ಶ್ರೀನಿವಾಸ ಸೌರಿರಾಜನ್. ಸಮುದ್ರದ ನೀರನ್ನು ಸಿಹಿಗೊಳಿಸಲೆಂದು 1960ರ ಹೊತ್ತಿಗೆ ಅವರು ರೂಪಿಸಿದ ಪೊರೆಯ ವಂಶಸ್ಥರು ಇಂದು ಅಡುಗೆಮನೆಯ ಗೋಡೆಗಳಲ್ಲಿ ನೇತಾಡುತ್ತಿದ್ದಾರೆ. ಕರ್ನಾಟಕದ ಹಳ್ಳಿಗಳಲ್ಲಿ ಕಳೆದ ದಶಕದಲ್ಲಿ ಸ್ಥಾಪಿತವಾದ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿ ಕ್ಯಾನಿಗೆ ತುಂಬಿಸಿಕೊಳ್ಳುವ ‘ಫಿಲ್ಟರ್ ನೀರು’ ಹೆಚ್ಚಾಗಿ ಇದೇ ವಿಧಾನದ್ದು.

ಆರ್‌ಒ ಪೊರೆಯು ಫ್ಲೋರೈಡ್, ನೈಟ್ರೇಟ್, ಲವಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಪಾವಗಡದಂಥ ಊರಿನ ಮನೆಗೆ ಅದು ವರವೇ ಸರಿ. ಆದರೆ ಒಳಬಂದ ನೀರಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮನೆಯ ಸಾಮಾನ್ಯ ಯಂತ್ರವು ಸಾಂದ್ರಗೊಂಡ ಲವಣದೊಡನೆ ಹೊರಚೆಲ್ಲುತ್ತದೆ. ಕಾವೇರಿಯ ನೀರಿನಂತೆ ಲವಣಾಂಶ ಕಡಿಮೆಯಿರುವಲ್ಲಿ ಇದೇ ಯಂತ್ರವನ್ನು ಅಳವಡಿಸುವುದೆಂದರೆ ಇಲ್ಲದ ದೋಷಕ್ಕೆ ಔಷಧಿ ಕೊಟ್ಟಂತೆ. ಕರಗಿದ ಒಟ್ಟು ಘನಾಂಶವು ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆಯಿರುವಲ್ಲಿ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದೂ, ಬಳಸುವಲ್ಲಿ ಶೇ. 60ಕ್ಕಿಂತ ಹೆಚ್ಚು ನೀರು ಮರಳಿ ದೊರೆಯುವಂತಿರಬೇಕೆಂದೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ನಿರ್ದೇಶನ ನೀಡಿದ್ದು ಈ ಕಾರಣದಿಂದಲೇ.

ಹೀಗಿರುವಲ್ಲಿ ಮನೆಯ ಶೋಧಕದ ಆಯ್ಕೆಯು ಅಂಗಡಿಯಿಂದ ಆರಂಭವಾಗದೆ ನೀರಿನಿಂದಲೇ ಆರಂಭವಾಗಬೇಕು. 2012ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ ಐಎಸ್ 10500 ಇದಕ್ಕೆ ಅಳತೆಗೋಲು. ಅದರಂತೆ ಲೀಟರಿಗೆ ಒಟ್ಟು ಕರಗಿದ ಘನಾಂಶ 500 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 2000ದವರೆಗೆ ಅನುಮತಿ, ಫ್ಲೋರೈಡ್ 1.0, ಹೆಚ್ಚೆಂದರೆ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ. ಮಣ್ಣು ಮಾತ್ರವೇ ದೋಷವಾಗಿದ್ದರೆ ಬಟ್ಟೆ ಮತ್ತು ತಿಳಿಗಟ್ಟಿಸುವಿಕೆ ಸಾಕು. ರೋಗಾಣು ದೋಷವಾಗಿದ್ದರೆ ಕುದಿಸುವುದು, ಕ್ಯಾಂಡಲ್, ಅತಿನೇರಳೆ ಕಿರಣ ಇವುಗಳಲ್ಲಿ ಮನೆಗೆ ಹೊಂದುವುದನ್ನು ಆರಿಸಬಹುದು. ಫ್ಲೋರೈಡ್, ನೈಟ್ರೇಟ್ ಅಥವಾ ಮಿತಿಮೀರಿದ ಲವಣ ಇದ್ದಲ್ಲಿ ಮಾತ್ರ ಆರ್‌ಒ ಮುಂತಾದ ವಿಶೇಷ ಸಾಧನ ಬೇಕು. ಕೈಯಲ್ಲಿ ಹಿಡಿಯುವ ಪುಟ್ಟ ಟಿಡಿಎಸ್ ಮಾಪಕವು ಲವಣದ ಒಟ್ಟು ಮೊತ್ತವನ್ನು ಅಂದಾಜು ಮಾಡುತ್ತದೆಯೇ ಹೊರತು ರೋಗಾಣುವನ್ನಾಗಲಿ ಫ್ಲೋರೈಡನ್ನಾಗಲಿ ಪ್ರತ್ಯೇಕವಾಗಿ ತೋರಿಸದು. ಮಾರಾಟಗಾರನು ಅದನ್ನು ನೀರಿಗದ್ದಿ ತೋರಿಸುವ ಸಂಖ್ಯೆಯನ್ನೇ ಪೂರ್ಣ ಪರೀಕ್ಷೆಯೆಂದು ನಂಬಬಾರದು.

10. ಉಪಸಂಹಾರ

ಈ ಚರಿತ್ರೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಜನಪದರ ಜಲಜ್ಞಾನದ ತಿರುಳು ಯಾವುದೋ ಒಂದು ಬೀಜದಲ್ಲಿಯೋ ಲೋಹದಲ್ಲಿಯೋ ಇಲ್ಲ. ನೀರನ್ನು ಮೊದಲು ಅರಿತು ಅನಂತರ ಸಾಧನವನ್ನು ಆರಿಸುವ ಕ್ರಮದಲ್ಲಿದೆ. ತಾಮ್ರದ ಕೊಡವನ್ನು ಉಳಿಸಿಕೊಂಡು ಈ ಕ್ರಮವನ್ನು ಕಳೆದುಕೊಂಡರೆ ಉಳಿಸಿಕೊಂಡದ್ದು ಪಾತ್ರೆಯನ್ನು ಮಾತ್ರ. ಎರಡನೆಯದು, ಇಂದ್ರಿಯಗಳಿಗೆ ನಿಲುಕದ ದೋಷಗಳು ನೀರನ್ನು ಸೇರಿದ ಮೇಲೆ ಆ ಅರಿವು ಮನೆಯೊಳಗೆ ಮಾತ್ರ ಹುಟ್ಟಲಾರದು. ಅದಕ್ಕೆ ಸಾರ್ವಜನಿಕ ಪ್ರಯೋಗಾಲಯದ ನೆರವು ಬೇಕು. ಶೋಧಕಯಂತ್ರವನ್ನು ಕೊಳ್ಳಲಾರದ ಮನೆಗೂ ತನ್ನ ನೀರಿನ ಗುಣವನ್ನು ಅರಿಯುವ ಹಕ್ಕಿದೆ. ಸಿಹಿನೀರ ಬಾವಿಯಿಂದ ಜನರನ್ನು ದೂರವಿಟ್ಟ ಸಮಾಜವು ಹಣದ ಹೆಸರಿನಲ್ಲಿ ಮತ್ತೆ ಅದೇ ತಪ್ಪನ್ನು ಮಾಡಬಾರದು.

2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಯೋಜನೆಯ ಮಾರ್ಗಸೂಚಿಯಂತೆ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ಟುಗಳ ಮೂಲಕ ನೀರಿನ ಗುಣವನ್ನು ಅಳೆಯುವ ತರಬೇತಿ ನೀಡಬೇಕು. ಬೇಳೆ ಬೇಯುವುದನ್ನು ನೋಡಿ ನೀರನ್ನು ಅಳೆದವರ ಮೊಮ್ಮಕ್ಕಳು ಇಂದು ಗಾಜಿನ ನಳಿಕೆಯಲ್ಲಿ ಬಣ್ಣ ಬದಲಾಗುವುದನ್ನು ನೋಡಿ ಅಳೆಯುತ್ತಾರೆ. ಕೆಲಸ ಹಳೆಯದು, ಸಾಧನ ಹೊಸದು. ಆ ಐವರು ಕಂಡುಕೊಂಡ ಫಲಿತಾಂಶವು ಕಡತಕ್ಕೆ ಸೇರುವುದರ ಜೊತೆಗೆ ಊರಿನ ಪ್ರತಿಯೊಂದು ಅಡುಗೆಮನೆಗೂ ತಲುಪಿದರೆ, ‘ತಿಳಿ’ ಎಂಬ ಕನ್ನಡ ಪದದ ಎರಡು ಅರ್ಥಗಳೂ ಒಂದೇ ಬಿಂದಿಗೆಯಲ್ಲಿ ಮತ್ತೆ ಕೂಡಿಕೊಂಡಾವು.